ಹೆಡ್‌ಫೋನ್ ಕೇಬಲ್ ಮತ್ತು ಆಲಿವರ್ ಹೆವಿಸೈಡ್

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಯಾವ ಊರಿನ ಮೊಬೈಲ್ ಅಂಗಡಿಗೆ ಹೋದರೂ ಹೆಡ್‌ಫೋನ್‌ಗೆ ಹಾಕೋ ಕೇಬಲ್ ನೂರಿನ್ನೂರು ರೂಪಾಯಿಗೆ ಸಿಗುತ್ತೆ. ಆನ್‌ಲೈನ್‌ನಲ್ಲಿ ಅಷ್ಟೇ ಉದ್ದದ ಕೇಬಲ್‌ಗೆ ಸಾವಿರಗಟ್ಟಲೆ ಕೇಳೋರೂ ಇದ್ದಾರೆ. ಮನೇಲಿ ಸಣ್ಣದೊಂದು ಆಂಪ್, ಒಂದು ಹೆಡ್‌ಫೋನ್ ಇಟ್ಟುಕೊಂಡ ನಮ್ಮ ಗೆಳೆಯರಲ್ಲಿ ಈ ಜಗಳ ಮುಗಿಯೋದೇ ಇಲ್ಲ: ಅಗ್ಗದ ಕೇಬಲ್ ಸಾಕಾ, ಸಾಲದಾ? ಇದಕ್ಕೆ ಬೇಕಾದ ಲೆಕ್ಕವನ್ನು ನೂರು ವರ್ಷಕ್ಕೂ ಹಿಂದೆ ಬರೆದಿಟ್ಟವರು ಆಲಿವರ್ ಹೆವಿಸೈಡ್. ಮ್ಯಾಥ್ಸ್ ಕ್ಲಾಸಿನ ಸ್ಟೆಪ್ ಫಂಕ್ಷನ್‌ನಿಂದ ಹೆಸರು ನಮಗೆಲ್ಲ ಗೊತ್ತು. ಮನುಷ್ಯನ ಕಥೆ ಅಷ್ಟಾಗಿ ಗೊತ್ತಿಲ್ಲ.

ಹೆವಿಸೈಡ್ ಹುಟ್ಟಿದ್ದು 1850ರ ಮೇ 18ರಂದು, ಲಂಡನ್ನಿನ ಕ್ಯಾಮ್ಡೆನ್ ಟೌನ್‌ನಲ್ಲಿ. ತಂದೆ ಮರದ ಅಚ್ಚು ಕೆತ್ತುವವರು, ಮನೇಲಿ ದುಡ್ಡಿನ ತಾಪತ್ರಯ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. ಹದಿನಾರಕ್ಕೆ ಶಾಲೆ ಮುಗೀತು, ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. ಒಂದು ಅದೃಷ್ಟ ಅಂದ್ರೆ, ವೀಟ್‌ಸ್ಟನ್ ಬ್ರಿಜ್ ಹೆಸರಿನ ಆ ಚಾರ್ಲ್ಸ್ ವೀಟ್‌ಸ್ಟನ್ ಇವರ ತಾಯಿಯ ಸೋದರಿಯ ಗಂಡ. ಆ ನಂಟಿನಿಂದ ಟೆಲಿಗ್ರಾಫ್ ಕಡೆ ಮನಸ್ಸು ಹೋಯಿತು. ಇಂಗ್ಲೆಂಡಿಗೂ ಡೆನ್ಮಾರ್ಕಿಗೂ ಸಮುದ್ರದಡಿ ಕೇಬಲ್ ಹಾಕಿದ್ದ ಕಂಪನಿಯಲ್ಲಿ ಕೆಲಸ ಸಿಕ್ಕಿತು.

ಅಲ್ಲೇ ಅವರಿಗೆ ಕೇಬಲ್‌ನ ಗುಟ್ಟು ಕಾಡೋಕೆ ಶುರುವಾಗಿದ್ದು. ಈ ತುದಿಯಲ್ಲಿ ಚೊಕ್ಕವಾಗಿ ಕಳಿಸಿದ ಸಿಗ್ನಲ್ ಆ ತುದಿಗೆ ಹೋಗೋಷ್ಟರಲ್ಲಿ ನೀರಲ್ಲಿ ನೆನೆದ ಶಾಯಿ ಹಾಗೆ ಹರಡಿಬಿಡುತ್ತಿತ್ತು. ಯಾಕೆ? 1874ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ, ಕೆಲಸ ಬಿಟ್ಟು ಅಪ್ಪ-ಅಮ್ಮನ ಮನೆ ಸೇರಿದರು. ಆಮೇಲೆ ಜೀವನಪೂರ್ತಿ ಯಾವ ನೌಕರಿಯನ್ನೂ ಮಾಡಲಿಲ್ಲ. ಮ್ಯಾಕ್ಸ್‌ವೆಲ್ ಅವರ ಹೊಸ ಪುಸ್ತಕ ಹಿಡಿದು ಒಬ್ಬರೇ ವರ್ಷಗಟ್ಟಲೆ ಓದಿದರು.

ಆ ಓದಿನ ಫಲ ಇವತ್ತು ನಮ್ಮ ಸಿಲಬಸ್. 1876ರಲ್ಲಿ ಟೆಲಿಗ್ರಾಫರ್ಸ್ ಈಕ್ವೇಶನ್ಸ್ ಬಂತು. ಕೇಬಲ್ ಅಂದ್ರೆ ಬರೀ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಅಲ್ಲ, ಅದರಲ್ಲಿ ಇಂಡಕ್ಟೆನ್ಸ್ ಕೂಡ ಇದೆ ಅಂತ ಲೆಕ್ಕ ಹಾಕಿ ತೋರಿಸಿದರು. 1880ರಲ್ಲಿ ಕೋಆಕ್ಸಿಯಲ್ ಕೇಬಲ್‌ಗೆ ಪೇಟೆಂಟ್ ಪಡೆದರು. ಮ್ಯಾಕ್ಸ್‌ವೆಲ್ ಬರೆದಿದ್ದ ಇಪ್ಪತ್ತು ಸಮೀಕರಣಗಳನ್ನು ನಾವು ಈಗ ಓದುವ ನಾಲ್ಕಕ್ಕೆ ಇಳಿಸಿದರು. ಇಂಡಕ್ಟೆನ್ಸ್, ಇಂಪೀಡೆನ್ಸ್ ಅನ್ನೋ ಪದಗಳೂ ಅವರವೇ.

ನಿಜವಾದ ಪೆಟ್ಟು ಬಿದ್ದಿದ್ದು 1887ರಲ್ಲಿ. ರೆಸಿಸ್ಟೆನ್ಸ್‌ಗೂ ಇಂಡಕ್ಟೆನ್ಸ್‌ಗೂ ಇರುವ ಅನುಪಾತ, ಲೀಕೇಜ್ ಕಂಡಕ್ಟೆನ್ಸ್‌ಗೂ ಕೆಪಾಸಿಟೆನ್ಸ್‌ಗೂ ಇರುವ ಅನುಪಾತಕ್ಕೆ ಸಮ ಆದರೆ ಸಿಗ್ನಲ್ ಆಕಾರ ಕೆಡೋದೇ ಇಲ್ಲ. ಅಂದ್ರೆ ಉದ್ದದ ಟೆಲಿಫೋನ್ ಲೈನಿಗೆ ಇಂಡಕ್ಟೆನ್ಸ್ ಸೇರಿಸಬೇಕು. ಬ್ರಿಟಿಷ್ ಅಂಚೆ ಇಲಾಖೆಯ ದೊಡ್ಡ ಅಧಿಕಾರಿ ವಿಲಿಯಂ ಪ್ರೀಸ್ ನಂಬಿದ್ದು ಇದಕ್ಕೆ ಪೂರ್ತಿ ಉಲ್ಟಾ. ಹೆವಿಸೈಡ್ ಅವರ ಅಣ್ಣ ಆರ್ಥರ್ ಅದೇ ಇಲಾಖೆಯಲ್ಲಿದ್ದರು. ಅಣ್ಣತಮ್ಮ ಸೇರಿ ಬರೆದ ಪೇಪರ್ ಅಚ್ಚಾಗದಂತೆ ಪ್ರೀಸ್ ತಡೆದರು. ಕೊನೆಗೆ ಈ ಐಡಿಯಾ ಅಮೆರಿಕದಲ್ಲಿ ಗೆದ್ದಿತು. 1900ರಲ್ಲಿ ಪೇಟೆಂಟ್ ಸಿಕ್ಕಿದ್ದು ಮೈಕೇಲ್ ಪ್ಯುಪಿನ್‌ಗೆ, ದೊಡ್ಡ ಮೊತ್ತವೂ ಅವರಿಗೇ. ಅಲ್ಲಿನ ಟೆಲಿಫೋನ್ ಕಂಪನಿ ಹೆವಿಸೈಡ್‌ಗೂ ಹಣ ಕೊಡೋಕೆ ಬಂದಾಗ, ಪೂರ್ತಿ ಶ್ರೇಯಸ್ಸು ತನ್ನದು ಅಂತ ಒಪ್ಪದ ಹೊರತು ಒಂದು ಪೈಸೆಯೂ ಬೇಡ ಅಂದುಬಿಟ್ಟರು. ಕೈಯಲ್ಲಿ ಕಾಸಿಲ್ಲದ ಮನುಷ್ಯ ಹೇಳಿದ ಮಾತಿದು!

ಈಗ ಅವರ ಲೆಕ್ಕವನ್ನು ನಮ್ಮ ಹೆಡ್‌ಫೋನ್‌ಗೆ ಹಾಕೋಣ. ನಾವು ಕೇಳಬಲ್ಲ ಅತಿ ಹೆಚ್ಚಿನ ಫ್ರೀಕ್ವೆನ್ಸಿ 20 ಕಿಲೋಹರ್ಟ್ಸ್. ಕೇಬಲ್‌ನಲ್ಲಿ ಅದರ ತರಂಗದ ಉದ್ದ ಸುಮಾರು 10 ಕಿಲೋಮೀಟರ್. ಹಾವೇರಿಯಲ್ಲಿ ಆಂಪ್ ಇಟ್ಟು ರಾಣೆಬೆನ್ನೂರಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಟೆಲಿಗ್ರಾಫರ್ಸ್ ಈಕ್ವೇಶನ್ಸ್ ಬೇಕೇ ಬೇಕು. ಒಂದೂಕಾಲು ಮೀಟರ್ ಕೇಬಲ್‌ಗೆ ಓಮ್ಸ್ ಲಾ ಸಾಕು. ಸಾಧಾರಣ ತೆಳು ತಾಮ್ರದ ತಂತಿಯಲ್ಲಿ ಹೋಗಿ ಬರೋ ದಾರಿ ಸೇರಿ ಅರ್ಧ ಓಮ್. ಹೆಡ್‌ಫೋನ್ 32 ಓಮ್ ಇದ್ದರೆ ನಷ್ಟ 0.13 ಡೆಸಿಬೆಲ್ ಅಷ್ಟೇ, ಕಿವಿಗೆ ಗೊತ್ತೇ ಆಗಲ್ಲ. ನಾವು ಮೂವರು ಗೆಳೆಯರು ಅಂಗಡಿಯ ಎರಡು ಕೇಬಲ್ ಮತ್ತು ಒಂದು ದುಬಾರಿ ಕೇಬಲ್ ಇಟ್ಟುಕೊಂಡು, ಕಣ್ಣು ಮುಚ್ಚಿ ಗಂಗೂಬಾಯಿ ಹಾನಗಲ್ ಅವರ ಗಾಯನ ಕೇಳಿದೆವು. ಯಾವುದು ಯಾವ ಕೇಬಲ್ ಅಂತ ಒಬ್ಬರಿಗೂ ಹೇಳೋಕೆ ಆಗಲಿಲ್ಲ.

ಹಾಗಂತ ಅಗ್ಗದ್ದೆಲ್ಲ ಒಳ್ಳೇದಲ್ಲ. ಪಿನ್ ಸಡಿಲ ಇದ್ದರೆ ಕರಕರ ಅನ್ನುತ್ತೆ. ಎರಡೂ ಕಿವಿಗೆ ಒಂದೇ ತೆಳು ಗ್ರೌಂಡ್ ತಂತಿ ಇದ್ದರೆ ಎಡದ ಸದ್ದು ಬಲಕ್ಕೆ ಸ್ವಲ್ಪ ಸೋರುತ್ತೆ. ಕೊಳ್ಳುವಾಗ ಇವನ್ನು ನೋಡಿ. ಚಿನ್ನದ ಬಣ್ಣದ ದುಬಾರಿ ಕೇಬಲ್ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಇದ್ದಂಗೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಅಡುಗೆಗೆ ಬಣ್ಣ ಬೇಕು, ಕಿವಿಗೆ ಯಾಕೆ? ಉಳಿದ ದುಡ್ಡನ್ನು ಒಳ್ಳೆ ಹೆಡ್‌ಫೋನ್‌ಗೆ ಹಾಕಿ.

ಹೆವಿಸೈಡ್ 1891ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1896ರಿಂದ ಸರ್ಕಾರ ಸಣ್ಣ ಪಿಂಚಣಿ ಕೊಟ್ಟಿತು. 1902ರಲ್ಲಿ, ರೇಡಿಯೋ ತರಂಗವನ್ನು ತಿರುಗಿಸುವ ಪದರವೊಂದು ಆಕಾಶದಲ್ಲಿ ಇರಬಹುದು ಅಂತ ಬರೆದರು. ಕೊನೆ ವರ್ಷಗಳನ್ನು ಟಾರ್ಕಿ ಊರಿನಲ್ಲಿ ಒಂಟಿಯಾಗಿ ಕಳೆದರು. ಮನೇಲಿ ಕುರ್ಚಿ ಮೇಜಿನ ಬದಲು ಗ್ರಾನೈಟ್ ಕಲ್ಲುಗಳಿದ್ದವಂತೆ. 1924ರ ಡಿಸೆಂಬರ್‌ನಲ್ಲಿ ಆ ಆಕಾಶದ ಪದರ ಪ್ರಯೋಗದಲ್ಲಿ ಸಾಬೀತಾಯಿತು. ಎರಡೇ ತಿಂಗಳಲ್ಲಿ, 1925ರ ಫೆಬ್ರುವರಿ 3ರಂದು, ಏಣಿಯಿಂದ ಬಿದ್ದ ಪೆಟ್ಟಿನ ನಂತರ ತೀರಿಕೊಂಡರು.

ಡಿಗ್ರಿ ಇಲ್ಲ, ನೌಕರಿ ಇಲ್ಲ, ಕಿವಿಯೂ ಪೂರ್ತಿ ಕೇಳಿಸದು. ಆದರೂ ದೂರದ ಊರಿನವರ ಮಾತು ತಂತಿಯಲ್ಲಿ ಸ್ಪಷ್ಟವಾಗಿ ಕೇಳುವ ದಾರಿಯನ್ನು ಲೆಕ್ಕದಲ್ಲಿ ತೋರಿಸಿದವರು ಅವರು.