ವೈದ್ಯವರೇಣ್ಯ ಟ್ರೂಸೋ

ನನ್ನ ಸೋದರತ್ತೆಯವರು ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ಪ್ರತಿಸಲವೂ ಸೂಜಿ ಚುಚ್ಚುವ ಯಾತನೆಯನ್ನು ತಪ್ಪಿಸಲೆಂದು, ತೋಳಿನ ರಕ್ತನಾಳದ ಮೂಲಕ ಹೃದಯದ ಸಮೀಪದವರೆಗೆ ತೆಳುವಾದ ಕೊಳವೆಯೊಂದನ್ನು ಇರಿಸಿದ್ದರು. ಕೆಲವು ದಿನಗಳಲ್ಲಿ ಆ ತೋಳು ಬಾತುಕೊಂಡಿತು. ಮಗ್ಗುಲಾಗಿ ಮಲಗಿದ್ದರಿಂದ ಹೀಗಾಗಿರಬೇಕೆಂದು ಅತ್ತೆ ಎರಡು ದಿನ ಯಾರಿಗೂ ಹೇಳಲಿಲ್ಲ. ಕೊಳವೆಯ ಸುತ್ತ ರಕ್ತ ಹೆಪ್ಪುಗಟ್ಟಿದೆಯೆಂದು ಆಮೇಲೆ ತಿಳಿಯಿತು. ಕ್ಯಾನ್ಸರಿಗೂ ರಕ್ತದ ಹೆಪ್ಪಿಗೂ ಹಳೆಯ ನಂಟೆಂದು ಹೇಳುತ್ತ ವೈದ್ಯರು ಟ್ರೂಸೋ ಎಂಬ ಹೆಸರನ್ನೆತ್ತಿದರು. ಚರಿತ್ರೆಯ ವಿದ್ಯಾರ್ಥಿಯಾದ ನಾನು ಆ ಹೆಸರಿನ ಬೆನ್ನು ಹತ್ತಿದೆನು.

ಆರ್ಮಾಂಡ್ ಟ್ರೂಸೋ ಅವರು ೧೮೦೧ರ ಅಕ್ಟೋಬರಿನಲ್ಲಿ ಫ್ರಾನ್ಸ್ ದೇಶದ ಟೂರ್ ನಗರದಲ್ಲಿ ಜನಿಸಿದರು. ಅವರು ಮೊದಲು ಕೈಗೊಂಡದ್ದು ವೈದ್ಯವೃತ್ತಿಯನ್ನಲ್ಲ, ಭಾಷಣಕಲೆಯ ಅಧ್ಯಾಪನವನ್ನು. ಕಲಾವಿಭಾಗದವರಾದ ನಾವು ತುಸು ಬೀಗಬಹುದಾದ ಸಂಗತಿ! ಮುಂದೆ, ಡಿಫ್ತೀರಿಯಾ ರೋಗಕ್ಕೆ ಆ ಹೆಸರನ್ನಿತ್ತ ಬ್ರೆತೊನ್ನೋ ಎಂಬ ಗುರುಗಳ ಬಳಿ ವೈದ್ಯವನ್ನು ಕಲಿತು, ೧೮೨೫ರಲ್ಲಿ ಪದವಿ ಪಡೆದರು. ಆ ರೋಗದಿಂದ ಉಸಿರುಕಟ್ಟಿದ ಮಕ್ಕಳ ಶ್ವಾಸನಾಳವನ್ನು ಕತ್ತರಿಸಿ ಗಾಳಿಗೆ ದಾರಿಮಾಡುವ ಗುರುವಿನ ಶಸ್ತ್ರಕ್ರಿಯೆಯನ್ನು ಪ್ಯಾರಿಸಿನಲ್ಲಿ ರೂಢಿಗೆ ತಂದವರು ಈ ಶಿಷ್ಯರೇ. ೧೮೫೦ರಿಂದ ಅಲ್ಲಿಯ ಓತೆಲ್-ದ್ಯೂ ಆಸ್ಪತ್ರೆಯಲ್ಲಿ ಅವರು ನೀಡಿದ ಉಪನ್ಯಾಸಗಳು ಬಹಳ ಪ್ರಸಿದ್ಧವಾದವು. ಹಿಂದಿನ ಅಧ್ಯಾಪನವು ಅಲ್ಲಿ ನೆರವಾಗಿರಬೇಕೆಂದು ನನ್ನ ಊಹೆ.

ಅವುಗಳಲ್ಲಿ ಒಂದು ಉಪನ್ಯಾಸ ಬಿಳಿಚಿಕೊಂಡು ನೋಯುವ ಕಾಲುಬಾವನ್ನು ಕುರಿತದ್ದು. ಬಾಣಂತಿಯರಲ್ಲಿ ಇದು ಬರುವುದೆಂದು ವೈದ್ಯರೆಲ್ಲರೂ ಬಲ್ಲರು. ಕ್ಯಾನ್ಸರಿನಿಂದ ಸೊರಗಿದವರಲ್ಲಿಯೂ ಇದು ಮೇಲಿಂದಮೇಲೆ ಕಾಣುವುದನ್ನು ಟ್ರೂಸೋ ಗಮನಿಸಿದರು. ಇಷ್ಟಕ್ಕೇ ನಿಲ್ಲದೆ ಅವರು ವಿಚಾರವನ್ನು ತಿರುಗಿಸಿ ನೋಡಿದರು: ಹೊಟ್ಟೆಯ ರೋಗವೇನೆಂದು ನಿರ್ಣಯವಾಗದಿರುವಾಗ ರೋಗಿಯ ಕೈಯಲ್ಲೋ ಕಾಲಲ್ಲೋ ರಕ್ತ ಹೆಪ್ಪುಗಟ್ಟಿದರೆ, ಒಳಗೆ ಕ್ಯಾನ್ಸರ್ ಅಡಗಿದೆಯೆಂದು ತಿಳಿಯಬಹುದು. ಗಡ್ಡೆಯು ನಾಳವನ್ನು ಒತ್ತುವುದರಿಂದ ಮಾತ್ರ ಹೀಗಾಗುವುದಿಲ್ಲ, ಆ ರೋಗಿಗಳ ರಕ್ತವೇ ಬೇಗ ಹೆಪ್ಪುಗಟ್ಟುವ ಸ್ವಭಾವವನ್ನು ಪಡೆದಿರುತ್ತದೆ ಎಂಬುದು ಅವರ ವಾದ. ಇದು ೧೮೬೫ರ ಮಾತು. ಹಲವು ಬಗೆಯ ಕ್ಯಾನ್ಸರ್ ಜೀವಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಹೊರಸೂಸುತ್ತವೆಂದು ಈಗ ತಿಳಿದಿದೆ; ಅವರಿಗೆ ಇದನ್ನು ತೋರಿಸುವ ಯಾವ ಸಾಧನವೂ ಇರಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಆ ಪಾಠವು ಅವರ ಮನೆಬಾಗಿಲಿಗೇ ಬಂದಿತು. ಹೊಟ್ಟೆಯ ಬಾಧೆ ಅವರನ್ನು ಕೆಲಕಾಲದಿಂದ ಕಾಡುತ್ತಿತ್ತು. ೧೮೬೭ರ ಮೊದಲ ದಿನವೇ ತಮ್ಮ ರಕ್ತನಾಳದಲ್ಲಿಯೂ ಹೆಪ್ಪಿನ ಗುರುತು ಮೂಡಿರುವುದನ್ನು ಕಂಡು, ಇನ್ನು ತನಗೆ ಸಂಶಯವುಳಿದಿಲ್ಲವೆಂದೂ ತಾನು ಬದುಕುವುದಿಲ್ಲವೆಂದೂ ಅವರು ಶಿಷ್ಯರಿಗೆ ತಿಳಿಸಿದರು. ಇಂಥ ವಿಷಯದಲ್ಲಿ ತನ್ನ ಮಾತು ಸುಳ್ಳಾಗಲಿ ಎಂದು ಬಯಸದ ಪಂಡಿತನುಂಟೇ? ಸುಳ್ಳಾಗಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು.

ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಪತ್ತೆಯಾದದ್ದು ೧೯೧೬ರಲ್ಲಿ. ಜರ್ಮನಿಯ ಫೋರ್ಸ್‌ಮನ್ ಎಂಬ ತರುಣ ವೈದ್ಯರು ತಮ್ಮದೇ ತೋಳಿನಿಂದ ಹೃದಯಕ್ಕೆ ಕೊಳವೆ ತೂರಿಸಿಕೊಂಡದ್ದು ೧೯೨೯ರಲ್ಲಿ. ಇಂಥ ಕೊಳವೆ ನಾಳದ ಗೋಡೆಯನ್ನು ಉಜ್ಜುತ್ತದೆ, ರಕ್ತದ ಓಟಕ್ಕೆ ಅಡ್ಡವಾಗುತ್ತದೆ. ಟ್ರೂಸೋ ಹೇಳಿದ ರಕ್ತದ ಸ್ವಭಾವವೂ ಜೊತೆಗೂಡಿದರೆ ಹೆಪ್ಪಿಗೆ ಬೇರೆ ನೆಪ ಬೇಡ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ನಮ್ಮತ್ತೆಯ ಕೊಳವೆಯಲ್ಲಿ ಸೋಂಕಿರಲಿಲ್ಲ, ಔಷಧವೂ ಸರಾಗವಾಗಿ ಹರಿಯುತ್ತಿತ್ತು. ಆದ್ದರಿಂದ ಅದನ್ನು ತೆಗೆಯದೆಯೇ ಹೆಪ್ಪುತಡೆಯುವ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ನಡೆಸಿದರು. ಬಾವು ನಿಧಾನವಾಗಿ ಇಳಿಯಿತು. ಈಗ ತೋಳು ಚೂರು ನೊಂದರೂ ಅತ್ತೆ ನಡುರಾತ್ರಿಯಲ್ಲಿಯೇ ನಮ್ಮನ್ನೆಬ್ಬಿಸುತ್ತಾರೆ.