ಟಿಕೆಟ್ಟಿನ ಮೇಲಿನ ಹೆಸರು: ಎಂ. ಚಿನ್ನಸ್ವಾಮಿ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಪಂದ್ಯ ನೋಡಲು ಬರುವ ಕ್ರಿಕೆಟ್ ಪ್ರಿಯರಿಗೆ ಚಿನ್ನಸ್ವಾಮಿ ಎಂದರೆ ಒಂದು ಕ್ರೀಡಾಂಗಣ. ಆ ಹೆಸರಿನ ವ್ಯಕ್ತಿ ಬ್ಯಾಟು ಹಿಡಿದು ಖ್ಯಾತಿ ಗಳಿಸಿದವರಲ್ಲ. ನಾಡಿನ ಕ್ರಿಕೆಟ್‌ಗೆ ಸ್ವಂತ ನೆಲೆ ಒದಗಿಸಿ, ಹಣವುಳ್ಳವರ ಮಾತೇ ನಡೆಯುತ್ತಿದ್ದ ಕಾಲದಲ್ಲಿ ಭಾರತೀಯ ಮಂಡಳಿಯ ಚುಕ್ಕಾಣಿ ಹಿಡಿದವರು.

1900ರ ಮಾರ್ಚ್ 29ರಂದು ಜನಿಸಿದ ಚಿನ್ನಸ್ವಾಮಿ ವೃತ್ತಿಯಿಂದ ವಕೀಲರು. 1953ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದರು. ಮುಂದೆ ಕರ್ನಾಟಕ ಎಂಬ ಹೆಸರು ಪಡೆದ ಅದೇ ಸಂಸ್ಥೆಗೆ 1978ರಿಂದ 1990ರವರೆಗೆ ಅಧ್ಯಕ್ಷರಾಗಿದ್ದರು. 1960ರಿಂದ 1965ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕಾರ್ಯದರ್ಶಿಯೂ ಆಗಿದ್ದರು.

ಆಗ ಬೆಂಗಳೂರಿನ ಪಂದ್ಯಗಳು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. ಸ್ವಂತ ಮೈದಾನವಿಲ್ಲದ ಸಂಸ್ಥೆಗೆ ಟೆಸ್ಟ್ ಪಂದ್ಯವೂ ಇಲ್ಲ, ಟಿಕೆಟ್ ಆದಾಯವೂ ಇಲ್ಲ. ರಾಜ್ಯ ಸರ್ಕಾರದ ನೆರವಿನಿಂದ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕ್ರೀಡಾಂಗಣ ಮೇಲೆದ್ದಿತು. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಮೊದಲ ಟೆಸ್ಟ್ ನಡೆಯಿತು. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಪದಾರ್ಪಣೆ ಮಾಡಿದ್ದು ಆ ಪಂದ್ಯದಲ್ಲೇ.

1977ರಲ್ಲಿ ಚಿನ್ನಸ್ವಾಮಿ ಮಂಡಳಿಯ ಅಧ್ಯಕ್ಷರಾದಾಗ ವಿಶ್ವ ಕ್ರಿಕೆಟ್ ಹೊತ್ತಿ ಉರಿಯುತ್ತಿತ್ತು. ಟಿವಿ ಪ್ರಸಾರದ ಹಕ್ಕು ದೊರೆಯದ ಆಸ್ಟ್ರೇಲಿಯದ ಉದ್ಯಮಿ ಕೆರಿ ಪ್ಯಾಕರ್ ಹಲವು ದೇಶಗಳ ಆಟಗಾರರನ್ನು ಹಣ ಕೊಟ್ಟು ಸೆಳೆದಿದ್ದರು. ಅಂತಹ ಆಟಗಾರರ ಮೇಲೆ ಐಸಿಸಿ ಹೇರಹೊರಟ ನಿಷೇಧವನ್ನು ಲಂಡನ್ನಿನ ನ್ಯಾಯಾಲಯ ಅದೇ ನವೆಂಬರ್‌ನಲ್ಲಿ ತಳ್ಳಿಹಾಕಿತು. ಐಸಿಸಿಯಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳಿಗೆ ಮಾತ್ರ ವಿಟೊ ಅಧಿಕಾರವಿತ್ತು. ಆದರೂ ತಾರೆಯರನ್ನು ಕಳೆದುಕೊಂಡ ಆಸ್ಟ್ರೇಲಿಯ ಮಂಡಳಿಯ 1977–78ರ ಋತುವನ್ನು ನಡೆಸಿಕೊಟ್ಟದ್ದು ಬಿಷನ್ ಸಿಂಗ್ ಬೇಡಿಯವರ ಭಾರತ ತಂಡ. 41 ವರ್ಷದ ಬಾಬ್ ಸಿಂಪ್ಸನ್ ನಿವೃತ್ತಿಯಿಂದ ಮರಳಿ ಆಸ್ಟ್ರೇಲಿಯವನ್ನು ಮುನ್ನಡೆಸಿದರು. ಸರಣಿ 3–2ರಿಂದ ಅವರ ಪಾಲಾಯಿತು.

ಈ ನೆರವಿಗೆ ಸಿಕ್ಕ ಪ್ರತಿಫಲ ಬೇರೆಯೇ ಆಗಿತ್ತು. 1979ರಲ್ಲಿ ಆಸ್ಟ್ರೇಲಿಯ ಮಂಡಳಿ ಪ್ಯಾಕರ್ ಜತೆ ರಾಜಿ ಮಾಡಿಕೊಂಡು, ಮುಂದಿನ ಋತುವಿಗೆ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ತಂಡಗಳನ್ನು ಕರೆಸಿತು. ಆ ಋತುವಿನಲ್ಲಿ ಹೋಗಬೇಕಿದ್ದ ಭಾರತ ತನ್ನ ಪ್ರವಾಸವನ್ನು 1980–81ಕ್ಕೆ ಮುಂದೂಡಲು ಒಪ್ಪಬೇಕಾಯಿತು. ಟಿವಿ ಹಣದ ಮುಂದೆ ಹಳೆಯ ಉಪಕಾರ ನಿಲ್ಲಲಿಲ್ಲ.

ಚಿನ್ನಸ್ವಾಮಿಯವರ ಅವಧಿಯಲ್ಲಿ ಭಾರತ ಇನ್ನೊಂದು ಬಾಗಿಲನ್ನೂ ತೆರೆಯಿತು. ಎರಡು ಯುದ್ಧಗಳ ಬಳಿಕ, 1978ರಲ್ಲಿ, ಭಾರತ ತಂಡ ಪಾಕಿಸ್ತಾನಕ್ಕೆ ತೆರಳಿತು; 1979ರ ನವೆಂಬರ್‌ನಲ್ಲಿ ಪಾಕಿಸ್ತಾನ ಇಲ್ಲಿಗೆ ಬಂದಿತು. ಆ ಸರಣಿಯ ಮೊದಲ ಟೆಸ್ಟ್‌ಗೆ ವೇದಿಕೆಯಾದದ್ದು ಬೆಂಗಳೂರು. ಈ ಎರಡು ಮಂಡಳಿಗಳೇ ಜತೆಗೂಡಿ 1987ರಲ್ಲಿ ವಿಶ್ವಕಪ್ಪನ್ನು ಮೊದಲ ಬಾರಿಗೆ ಇಂಗ್ಲೆಂಡಿನಿಂದ ಹೊರತಂದವು.

1991ರ ನವೆಂಬರ್ 8ರಂದು ಚಿನ್ನಸ್ವಾಮಿ ನಿಧನರಾದರು. ಎರಡೇ ದಿನಗಳ ಬಳಿಕ, ವರ್ಣಭೇದ ನೀತಿಗಾಗಿ ಹೊರಗಿಡಲಾಗಿದ್ದ ದಕ್ಷಿಣ ಆಫ್ರಿಕ ಕಲ್ಕತ್ತೆಯಲ್ಲಿ ಭಾರತದ ವಿರುದ್ಧ ಆಡಿತು. ಪ್ರಸಾರದ ಹಕ್ಕಿಗೆ ವಿದೇಶಿಯರು ಹಣ ತೆರುತ್ತಾರೆಂಬುದನ್ನು ಭಾರತೀಯ ಮಂಡಳಿ ಆ ಸರಣಿಯಲ್ಲಿ ಕಂಡುಕೊಂಡಿತು. 1993ರಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಗಳ ವಿಟೊ ಕೊನೆಗೊಂಡಿತು. 2024–27ರ ಅವಧಿಗೆ ಐಸಿಸಿ ಹಂಚುವ ಹಣದಲ್ಲಿ ಭಾರತದ ಪಾಲು ಸುಮಾರು ಶೇ. 38.5.

ಆ ಹಣದ ಮೂಲ ಕರಾವಳಿಯ ಊರುಗಳೂ ಸೇರಿದಂತೆ ದೇಶದ ಮನೆಮನೆಯ ಟಿವಿ ವೀಕ್ಷಕ. ಇಂದು ಪ್ರವಾಸ ಬೇಡಿ ಕಾಯುವವರು ಸಣ್ಣ ದೇಶಗಳ ಮಂಡಳಿಗಳು. ಭಾರತ ತಂಡ ಬಂದರೆ ಅವುಗಳ ಬೊಕ್ಕಸ ತುಂಬುತ್ತದೆ, ಬಾರದಿದ್ದರೆ ಬರಿದಾಗುತ್ತದೆ. 1979ರಲ್ಲಿ ಪ್ರವಾಸ ಮುಂದೂಡಿಸಿಕೊಂಡ ಮಂಡಳಿಗೆ ಆ ಕಷ್ಟ ಅಪರಿಚಿತವಲ್ಲ. ಚಿನ್ನಸ್ವಾಮಿಯವರ ಕಾಲವನ್ನು ನೆನೆಯುವುದರ ಅರ್ಥವಿರುವುದು ಇಲ್ಲಿಯೇ.