ರಾಕೆಟ್ ಕಂಡುಹಿಡಿದದ್ದು ಟಿಪ್ಪುವೇ? ಹೈದರ್ ಅಲಿಯ ಬದುಕಿನಲ್ಲಿದೆ ಉತ್ತರ

ವಾಟ್ಸ್ಆಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಎರಡು ಸಂದೇಶಗಳನ್ನು ನೀವೂ ನೋಡಿರಬಹುದು. ಜಗತ್ತಿನ ಮೊದಲ ರಾಕೆಟ್ ಟಿಪ್ಪು ಸುಲ್ತಾನನದು, ಅದರಲ್ಲಿ ಯಾರಿಗೂ ಗೊತ್ತಿಲ್ಲದ ರಹಸ್ಯ ಮದ್ದು ಇತ್ತು, ನಾಸಾ ಕೂಡ ಇದನ್ನು ಒಪ್ಪಿದೆ ಎನ್ನುವುದು ಒಂದು. ಮೈಸೂರು ರಾಕೆಟ್ ಅನ್ನುವುದೇ ಕಟ್ಟುಕಥೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಸರಿ ಉತ್ತರ ಬೇಕಿದ್ದರೆ ಟಿಪ್ಪುವಿಗಿಂತ ಒಂದು ತಲೆಮಾರು ಹಿಂದಕ್ಕೆ, ಅವನ ತಂದೆ ಹೈದರ್ ಅಲಿಯ ಬದುಕಿಗೆ ಹೋಗಬೇಕು.

ಬೂದಿಕೋಟೆಯ ಹುಡುಗ

ಹೈದರ್ ಹುಟ್ಟಿದ್ದು ಸುಮಾರು 1720ರಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮದ್ ಕೂಲಿ ಸೈನಿಕ. ಆರ್ಕಾಟ್ ನವಾಬನ ಬಳಿ 50 ಮಂದಿ ರಾಕೆಟ್ ಸಿಪಾಯಿಗಳ ಮುಖ್ಯಸ್ಥನಾಗಿದ್ದವನು, ಆಮೇಲೆ ಶಿರಾ ನವಾಬನ ಸೇವೆಗೆ ಬಂದ. ಅಂದರೆ ಟಿಪ್ಪು ಹುಟ್ಟುವ ಮೊದಲೇ ಅವನ ಅಜ್ಜ ರಾಕೆಟ್ ಹಾರಿಸುವವರ ನಾಯಕ! ಮೊದಲ ಸಂದೇಶ ಇಲ್ಲಿಗೇ ಅರ್ಧ ಬಿದ್ದುಹೋಗುತ್ತದೆ. ಉಳಿದರ್ಧ ಚೀನಾದಲ್ಲಿ ಬೀಳುತ್ತದೆ. ಅಲ್ಲಿ 13ನೇ ಶತಮಾನದಲ್ಲೇ ಮದ್ದು ತುಂಬಿದ ಬಾಣಗಳನ್ನು ಯುದ್ಧಕ್ಕೆ ಬಳಸುತ್ತಿದ್ದರು.

ಹೈದರ್ ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ. ಮನೆಯವರು ಕಷ್ಟಕ್ಕೆ ಬಿದ್ದರು. ಹುಡುಗ ಓದು ಬರಹ ಕಲಿಯಲೇ ಇಲ್ಲ, ಆದರೆ ಅವನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಅಣ್ಣನ ಜೊತೆ ಮೈಸೂರು ಸೈನ್ಯಕ್ಕೆ ಸೇರಿದ ಅವನು 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ದಳವಾಯಿಗಳ ಕಣ್ಣಿಗೆ ಬಿದ್ದ.

ದಿಂಡಿಗಲ್‌ನ ಮದ್ದಿನ ಕಾರ್ಖಾನೆ

1755ರಲ್ಲಿ ಹೈದರ್ ದಿಂಡಿಗಲ್ಲಿನ ಫೌಜುದಾರನಾದ. ಅಲ್ಲಿ ಅವನು ಮಾಡಿದ ಮುಖ್ಯ ಕೆಲಸ ಕೋಟೆ ಹಿಡಿದದ್ದಲ್ಲ, ಕುಶಲಕರ್ಮಿಗಳನ್ನು ಹುಡುಕಿದ್ದು. ತಿರುಚಿರಾಪಳ್ಳಿ, ಶ್ರೀರಂಗಂ, ಪುದುಚೇರಿಗಳಿಂದ ಕೆಲಸಗಾರರನ್ನು ಕರೆಸಿ, ಫ್ರೆಂಚರ ಮೇಲ್ವಿಚಾರಣೆಯಲ್ಲಿ ಫಿರಂಗಿ ದಳ, ಶಸ್ತ್ರಾಗಾರ ಮತ್ತು ಮದ್ದು ತಯಾರಿಸುವ ಕಾರ್ಖಾನೆಯನ್ನು ಕಟ್ಟಿಸಿದ. ಗೆಲುವು ಕತ್ತಿಯಲ್ಲಷ್ಟೇ ಇಲ್ಲ, ಒಳ್ಳೆಯ ಮದ್ದಿನಲ್ಲೂ ಇದೆ ಎಂದು ಅವನಿಗೆ ಅರ್ಥವಾಗಿತ್ತು.

ಮದ್ದು ಅದೇ, ಕೆಲಸ ಬೇರೆ ಬೇರೆ

ಇಲ್ಲಿ ಸ್ವಲ್ಪ ವಿಜ್ಞಾನ. ಆಗಿನ ಕರಿಮದ್ದಿನಲ್ಲಿ ಇರುತ್ತಿದ್ದದ್ದು ಮೂರೇ ವಸ್ತು: ಪೆಟ್ಲುಪ್ಪು, ಗಂಧಕ, ಇದ್ದಿಲು. ಇಂಗ್ಲಿಷರಿಗೂ ಫ್ರೆಂಚರಿಗೂ ಮರಾಠರಿಗೂ ಮೈಸೂರಿನವರಿಗೂ ಅದೇ ಮೂರು. ರಹಸ್ಯ ಮದ್ದು ಯಾರ ಬಳಿಯೂ ಇರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮದ್ದು ಉರಿಯುವ ವೇಗದಲ್ಲಿ. ಮದ್ದಿನ ಕಾಳು ಹೊರಮೈಯಿಂದ ಒಳಕ್ಕೆ ಉರಿಯುತ್ತಾ ಹೋಗುತ್ತದೆ. ಒಲೆಗೆ ದಪ್ಪ ಕೊರಡು ಇಟ್ಟರೆ ನಿಧಾನ ಉರಿಯುತ್ತದೆ, ಅದನ್ನೇ ಸೀಳಿ ಚಕ್ಕೆ ಮಾಡಿ ಇಟ್ಟರೆ ಭಗ್ಗನೆ ಹತ್ತಿಕೊಳ್ಳುತ್ತದಲ್ಲ, ಹಾಗೆಯೇ. ಸಣ್ಣ ಕಾಳಿನ ಮದ್ದು ಬೇಗ ಉರಿಯುತ್ತದೆ, ಅದು ಕೋವಿ, ಪಿಸ್ತೂಲಿಗೆ. ದಪ್ಪ ಕಾಳಿನದು ನಿಧಾನ, ಅದು ಫಿರಂಗಿಗೆ. ಫಿರಂಗಿಗೆ ಸಣ್ಣ ಕಾಳಿನ ಮದ್ದು ಹಾಕಿದರೆ ಒತ್ತಡ ಒಮ್ಮೆಲೇ ಏರಿ ಫಿರಂಗಿಯೇ ಸೀಳಬಹುದು.

ಇಂದಿನ ಸ್ಪರ್ಧಾ ಶೂಟಿಂಗ್‌ನಲ್ಲೂ ನಿಯಮ ಇದೇ. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೇಲ್ ಹೊಗೆ ಕಡಿಮೆ ಬರುವ ಹೊಸ ಮದ್ದು ತಯಾರಿಸಿದ ಮೇಲೆ ಕರಿಮದ್ದು ಹಿಂದೆ ಸರಿಯಿತು. ಪಿಸ್ತೂಲಿನ ನಳಿಗೆ ಗಿಡ್ಡ, ಹಾಗಾಗಿ ಬೇಗ ಉರಿಯುವ ಮದ್ದು ಬೇಕು. ನಿಧಾನದ್ದನ್ನು ಹಾಕಿದರೆ ಅದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಹೋಗಿರುತ್ತದೆ, ಉಳಿದ ಮದ್ದು ಬಾಯಲ್ಲಿ ಬೆಂಕಿಯಾಗಿ ಹೊರಬರುತ್ತದೆ. ರೈಫಲ್‌ನ ನಳಿಗೆ ಉದ್ದ, ಅದಕ್ಕೆ ನಿಧಾನದ ಮದ್ದು. ಆದ್ದರಿಂದ ಅತ್ಯುತ್ತಮ ಮದ್ದು ಯಾವುದು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ನಳಿಗೆಗೆ ಯಾವ ಮದ್ದು ಎಂದು ಕೇಳಬೇಕು. ಹೈದರನ ಕಾಲದ ರಾಕೆಟ್ ಇದೇ ಪ್ರಶ್ನೆಗೆ ಕೊಟ್ಟ ಉತ್ತರ.

ಕಬ್ಬಿಣದ ಕೊಳವೆ

ಹಳೆಯ ರಾಕೆಟ್‌ಗಳ ಮದ್ದನ್ನು ಕಾಗದ ಅಥವಾ ಬಿದಿರಿನ ಕೊಳವೆಗೆ ತುಂಬುತ್ತಿದ್ದರು. ಮದ್ದನ್ನು ಹೆಚ್ಚು ಗಟ್ಟಿಯಾಗಿ ತುಂಬಿದರೆ ಕೊಳವೆಯೇ ಒಡೆಯುತ್ತಿತ್ತು. ಮೈಸೂರಿನವರು ಬಡಿದು ಹದ ಮಾಡಿದ ಮೆದು ಕಬ್ಬಿಣದ ಕೊಳವೆ ಬಳಸಿದರು. ಸುಮಾರು 20 ಸೆಂಟಿಮೀಟರ್ ಉದ್ದದ ಕೊಳವೆ, ದಿಕ್ಕು ತಪ್ಪದಿರಲು ಅದಕ್ಕೆ ಕಟ್ಟಿದ ಉದ್ದನೆಯ ಬಿದಿರಿನ ಕೋಲು ಅಥವಾ ಕತ್ತಿಯ ಅಲಗು. ಕಬ್ಬಿಣ ಹೆಚ್ಚಿನ ಒತ್ತಡ ತಡೆಯುತ್ತಿದ್ದರಿಂದ ಅದೇ ಕರಿಮದ್ದನ್ನು ಇನ್ನಷ್ಟು ಒತ್ತಿ ತುಂಬಲು ಸಾಧ್ಯವಾಯಿತು. ರಾಕೆಟ್ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ರಾಕೆಟ್‌ಗಳ ಬಗ್ಗೆ ಬರೆದ ಅಧ್ಯಯನದಲ್ಲಿ ಒತ್ತು ಕೊಟ್ಟಿದ್ದು ಈ ಕಬ್ಬಿಣಕ್ಕೇ.

ಮೈಸೂರು ಸೀಮೆಯಲ್ಲಿ ಕಬ್ಬಿಣದ ಕೆಲಸಕ್ಕೆ ಕೊರತೆ ಇರಲಿಲ್ಲ. ಗೊರವನಹಳ್ಳಿ ಇರುವ ಕೊರಟಗೆರೆ ತಾಲ್ಲೂಕಿನಲ್ಲೇ ಚನ್ನರಾಯನದುರ್ಗವಿದೆ. 1800ರಲ್ಲಿ ಈ ಭಾಗದಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಮಳೆನೀರು ಬೆಟ್ಟದಿಂದ ಹೊತ್ತು ತರುವ ಕರಿಮರಳಿನಿಂದ ಜನ ಕಬ್ಬಿಣ ಕರಗಿಸುವುದನ್ನೂ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಿಸುವುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಇಷ್ಟು ಓದಿ ರಾಕೆಟ್ ಕೊರಟಗೆರೆಯಲ್ಲೇ ಹುಟ್ಟಿತು ಎಂದು ಹೊಸ ಫಾರ್ವರ್ಡ್ ಶುರು ಮಾಡಬೇಡಿ! ಇದು ನಾಡಿನ ಕಸುಬಿನ ಒಂದು ಉದಾಹರಣೆ, ಅಷ್ಟೇ.

ಶಿರಾದಿಂದ ಬಿದನೂರಿಗೆ

1761ರ ಹೊತ್ತಿಗೆ ಮೈಸೂರಿನ ಅಧಿಕಾರ ಹೈದರನ ಕೈಗೆ ಬಂದಿತ್ತು, ಒಡೆಯರು ಹೆಸರಿಗೆ ಮಾತ್ರ ಅರಸರಾಗಿ ಉಳಿದರು. ಅದೇ ವರ್ಷ ನಿಜಾಮನ ಮನೆತನದ ಬಸಾಲತ್ ಜಂಗ್ ಅವನಿಗೆ ಶಿರಾದ ನವಾಬ ಪದವಿ ಕೊಟ್ಟ. ತಂದೆ ಚಾಕರಿ ಮಾಡಿದ್ದ ಊರಿಗೆ ಮಗ ನವಾಬನಾದ. ಮಧುಗಿರಿಯೂ ಅವನ ವಶವಾಯಿತು.

1763ರಲ್ಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಅಲ್ಲಿನ ರಾಣಿ ವೀರಮ್ಮಾಜಿಯನ್ನು ಮಧುಗಿರಿ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆ ಹಿಡಿದು ಆಕೆಯನ್ನು ಬಿಡಿಸಿದರು, ಆದರೆ ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು. ಶಿರಾವೂ ಮರಾಠರ ಪಾಲಾಗಿ, 1774ರಲ್ಲಿ ಮತ್ತೆ ಮೈಸೂರಿಗೆ ಬಂತು. ಹೈದರನ ಬದುಕನ್ನು ಬರೀ ಸಾಹಸ ಎಂದು ಹಂಚುವವರು ಈ ಸೆರೆವಾಸವನ್ನೂ ನೆನಪಿಡಬೇಕು.

ಪೊಳ್ಳಿಲೂರು ಮತ್ತು ಕೊನೆ

ಹೈದರನ ಸೈನ್ಯದಲ್ಲಿ 1,200 ಮಂದಿಯ ರಾಕೆಟ್ ದಳವಿತ್ತು ಎಂಬ ಲೆಕ್ಕ ಸಿಗುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆ ಸೋತು ಸೆರೆಯಾಯಿತು. ಯುದ್ಧದ ನಡುವೆ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು, ಅವಕ್ಕೆ ರಾಕೆಟ್ ತಾಗಿತ್ತೆಂದು ಹಲವರು ಹೇಳುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಈ ಯುದ್ಧದ ಚಿತ್ರ ಇಂದಿಗೂ ಇದೆ.

ಹೈದರನನ್ನು ಕೊಂದದ್ದು ಮದ್ದೂ ಅಲ್ಲ, ಗುಂಡೂ ಅಲ್ಲ. ಬೆನ್ನಿನ ಮೇಲೆ ಎದ್ದ ಹುಣ್ಣು ಬೆಳೆದು, 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಅವನು ತೀರಿಕೊಂಡ. ಸಮಾಧಿ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ.

ರಾಕೆಟ್ ದಳವನ್ನು ಸುಮಾರು 5,000ಕ್ಕೆ ಬೆಳೆಸಿದವನು ಟಿಪ್ಪು. 1799ರಲ್ಲಿ ಅವನು ಮಡಿದ ಮೇಲೆ ಇಂಗ್ಲಿಷರು ಮೈಸೂರಿನ ರಾಕೆಟ್‌ಗಳನ್ನು ಲಂಡನ್ ಬಳಿಯ ವೂಲಿಚ್‌ಗೆ ಒಯ್ದರು. ಮೈಸೂರಿನ ಮಾದರಿಯಿಂದ ಕಲಿತು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ, 1807ರಲ್ಲಿ ಅವು ಕೋಪನ್‌ಹೇಗನ್ ಮೇಲೆ ಬಿದ್ದವು.

ಫಾರ್ವರ್ಡ್ ಮಾಡುವ ಮೊದಲು

ರಾಕೆಟ್ ಕಟ್ಟುಕಥೆಯೇ? ಅಲ್ಲ. ಹೈದರ್ ಗೆದ್ದ ಅದೇ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಕಬ್ಬಿಣದ ರಾಕೆಟ್‌ಗಳು ರಾಶಿ ರಾಶಿ ಸಿಕ್ಕಿವೆ.

ಟಿಪ್ಪು ಕಂಡುಹಿಡಿದನೇ? ಇಲ್ಲ. ಅದು ಹಳೆಯ ಅಸ್ತ್ರ. ಕಬ್ಬಿಣದ ಕೊಳವೆಯಿಂದ ಅದಕ್ಕೆ ಹೊಸ ಬಲ ಬಂದದ್ದು ಹೈದರ್ ಮತ್ತು ಟಿಪ್ಪು ಇಬ್ಬರ ಕಾಲದ ಮೈಸೂರಿನಲ್ಲಿ.

ನಾಸಾ ಒಪ್ಪಿದೆಯೇ? ಅಬ್ದುಲ್ ಕಲಾಂ ಅವರು ನಾಸಾದ ವಾಲಪ್ಸ್ ಕೇಂದ್ರದಲ್ಲಿ ಟಿಪ್ಪುವಿನ ಸೈನ್ಯ ರಾಕೆಟ್ ಹಾರಿಸುವ ಚಿತ್ರ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಗೌರವದ ಚಿತ್ರ, ಕಂಡುಹಿಡಿದದ್ದಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪಟಾಕಿ ಬಿಚ್ಚಿ ಅದರ ಮದ್ದನ್ನು ಕಬ್ಬಿಣದ ಪೈಪಿಗೆ ತುಂಬುವ ರೀಲ್ಸ್ ಕಂಡರೆ ಮಕ್ಕಳಿಗೆ ಹಂಚಬೇಡಿ. ಪಟಾಕಿಯ ಮದ್ದು ಭಗ್ಗನೆ ಉರಿಯುವಂಥದ್ದು, ಪೈಪು ಆ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದ್ದಲ್ಲ. ಅಂಥ ಪೈಪು ಹಾರುವುದಿಲ್ಲ, ಚೂರಾಗಿ ಸಿಡಿಯುತ್ತದೆ, ಹಿಡಿದ ಕೈಯನ್ನೂ ನೋಡುವ ಕಣ್ಣನ್ನೂ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ದು, ತೋಟಾ ತಯಾರಿಸುವುದು ಅಪರಾಧವೂ ಹೌದು. ಹಂಚುವುದಿದ್ದರೆ ಈ ಎಚ್ಚರಿಕೆಯನ್ನು ಹಂಚಿ.